ಪದದ ಹೊರೆಯೋ, ಪದದ ಅರಿವೋ

(ಶ್ರೀಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನಿವೃತ್ತ ಇಂಜಿನಿಯರರೊಬ್ಬರು ಮಾಡಿದ ಉಪನ್ಯಾಸದ ಬರಹರೂಪ)

 

ನಾನು ಮೂವತ್ತೈದು ವರ್ಷ ಸರ್ಕಾರಿ ನೌಕರಿಯಲ್ಲಿ ಕೆರೆ, ಕಾಲುವೆ, ಸೇತುವೆ ನೋಡಿಕೊಂಡು ಇದ್ದವನು. ಭಾಷೆಯ ಬಗ್ಗೆ ಮಾತಾಡುವ ಪಾಂಡಿತ್ಯ ನನಗಿಲ್ಲ. ಆದರೆ ಕಳೆದ ವರ್ಷ ಅಮೆರಿಕದ ನ್ಯೂಜೆರ್ಸಿಯಲ್ಲಿರುವ ಮಗಳ ಮನೆಯಲ್ಲಿ ಐದು ತಿಂಗಳು ಇದ್ದು ಬಂದೆ. ಅಲ್ಲಿ ಹನ್ನೊಂದನೆಯ ತರಗತಿಯಲ್ಲಿರುವ ಮೊಮ್ಮಗಳು ಕಾಲೇಜು ಪ್ರವೇಶ ಪರೀಕ್ಷೆಗಾಗಿ ಇಂಗ್ಲಿಷ್ ಪದ ಕಲಿಯುತ್ತಿದ್ದಳು. ನಾನು ಕಲಿಸಲು ಹೋಗಿ ಕೆಡಿಸಿದೆ. ಆಮೇಲೆ ಅವಳ ಜೊತೆ ಕೂತು ನಾನೂ ಕಲಿತೆ. ಆ ಅನುಭವವನ್ನು ಇಲ್ಲಿಯ ಮಕ್ಕಳಿಗೆ ಹೇಳಬೇಕೆಂದು ಪೂಜ್ಯರ ಅಪ್ಪಣೆಯಾಯಿತು. ಅದಕ್ಕೇ ನಿಮ್ಮ ಮುಂದೆ ನಿಂತಿದ್ದೇನೆ.

ಮೊದಲು ಆ ಪರೀಕ್ಷೆ ಎಂಥದ್ದೆಂದು ಹೇಳುತ್ತೇನೆ. ಅದರ ಹೆಸರು ಎಸ್‌ಎಟಿ. ನಡೆಸುವುದು ಕಾಲೇಜ್ ಬೋರ್ಡ್ ಎಂಬ ಸಂಸ್ಥೆ. ಮೊದಲ ಪರೀಕ್ಷೆ ನಡೆದದ್ದು 1926ರ ಜೂನ್ ತಿಂಗಳಲ್ಲಿ. ಬರೆದವರು ಸುಮಾರು 8,000 ವಿದ್ಯಾರ್ಥಿಗಳು. ಅದನ್ನು ರೂಪಿಸುವಲ್ಲಿ ಮುಂದಾಳು ಪ್ರಿನ್ಸ್‌ಟನ್ನಿನ ಮನಶ್ಶಾಸ್ತ್ರಜ್ಞ ಕಾರ್ಲ್ ಬ್ರಿಗಮ್. ಈತ 1923ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಕೆಲವು ಜನಾಂಗಗಳು ಹುಟ್ಟಿನಿಂದಲೇ ಬುದ್ಧಿಯಲ್ಲಿ ಮೇಲು, ಕೆಲವು ಕೀಳು ಎಂದು ವಾದಿಸಿದ್ದ. 1930ರಲ್ಲಿ ತನ್ನ ಆ ವಾದಕ್ಕೆ ಆಧಾರವಿಲ್ಲವೆಂದು ತಾನೇ ಒಪ್ಪಿಕೊಂಡ. ಹುಟ್ಟಿನಿಂದ ಮನುಷ್ಯರನ್ನು ಅಳೆಯುವ ರೋಗ ನಮ್ಮಲ್ಲಿ ಮಾತ್ರ ಇತ್ತೆಂದು ತಿಳಿಯಬೇಡಿ. ಅದಕ್ಕೆ ವಿಜ್ಞಾನದ ಅಂಗಿ ತೊಡಿಸಿದವರು ಆ ದೇಶದಲ್ಲೂ ಇದ್ದರು.

ಈಗಿನ ಪರೀಕ್ಷೆ ಕಂಪ್ಯೂಟರಿನ ಮೇಲೆ ನಡೆಯುತ್ತದೆ. ಒಟ್ಟು 1600 ಅಂಕ. ಅದರಲ್ಲಿ 800 ಗಣಿತಕ್ಕೆ, 800 ಇಂಗ್ಲಿಷ್ ಓದು-ಬರಹಕ್ಕೆ. ಇಂಗ್ಲಿಷ್ ಭಾಗದಲ್ಲಿ 64 ನಿಮಿಷಕ್ಕೆ 54 ಪ್ರಶ್ನೆ. ಅಂದರೆ ಒಂದು ಪ್ರಶ್ನೆಗೆ ಒಂದು ನಿಮಿಷ, ಮೇಲೆ ಹತ್ತಿಪ್ಪತ್ತು ಸೆಕೆಂಡು.

ಮೊಮ್ಮಗಳು ಗಣಿತದಲ್ಲಿ ಚುರುಕು. ಇಂಗ್ಲಿಷ್ ಪದಗಳ ಪ್ರಶ್ನೆ ಬಂದರೆ ಮಾತ್ರ ತಡವರಿಸುತ್ತಿದ್ದಳು. ಅಲ್ಲೇ ಹುಟ್ಟಿ ಬೆಳೆದ ಹುಡುಗಿಗೆ ಇಂಗ್ಲಿಷ್ ಕಷ್ಟವೇ ಎಂದು ನೀವು ಕೇಳಬಹುದು. ನನಗೂ ಹಾಗೇ ಅನ್ನಿಸಿತ್ತು. ಆದರೆ ಗೆಳತಿಯರ ಜೊತೆ ಆಡುವ ಇಂಗ್ಲಿಷ್ ಬೇರೆ, ಪುಸ್ತಕದ ಇಂಗ್ಲಿಷ್ ಬೇರೆ. ಮನೆಯಲ್ಲಿ ಕನ್ನಡ ಆಡುವ ನಮ್ಮ ಮಕ್ಕಳಿಗೆ ‘ಔದಾಸೀನ್ಯ’, ‘ಪೂರ್ವಗ್ರಹ’ ಎಂಬ ಪದಗಳ ಅರ್ಥ ಕೇಳಿ ನೋಡಿ, ತಿಳಿಯುತ್ತದೆ.

ಮಗಳು, ಅಳಿಯ ಇಬ್ಬರೂ ಕೆಲಸಕ್ಕೆ ಹೋಗುವವರು. ನಾನು ಬಿಡುವಾಗಿದ್ದೆ. ‘ಈ ಜವಾಬ್ದಾರಿ ನನಗೆ ಬಿಡ್ರಿ’ ಎಂದೆ. ಪದ ಕಲಿಯುವುದೆಂದರೆ ನನಗೆ ಗೊತ್ತಿದ್ದದ್ದು ಒಂದೇ ದಾರಿ: ಬಾಯಿಪಾಠ. ಮನೆಯಲ್ಲಿ ಬ್ಯಾರನ್ಸ್ ಕಂಪನಿಯ ಹಳೆಯ ಪುಸ್ತಕವೊಂದು ಬಿದ್ದಿತ್ತು. ಅದರಲ್ಲಿ 3,500 ಪದಗಳ ಪಟ್ಟಿ. ದಿನಕ್ಕೆ ಐವತ್ತರಂತೆ ಎಪ್ಪತ್ತು ದಿನಕ್ಕೆ ಮುಗಿಯುತ್ತದೆ ಎಂದು ಲೆಕ್ಕ ಹಾಕಿ, ಗುತ್ತಿಗೆದಾರನಿಗೆ ಕೊಡುವ ಹಾಗೆ ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿದೆ. ರಾತ್ರಿ ಊಟದ ನಂತರ ಒಪ್ಪಿಸಬೇಕು. ತಪ್ಪಿದ್ದನ್ನು ಹತ್ತು ಸಲ ಬರೆಯಬೇಕು.

ಎರಡು ವಾರ ನಡೆಯಿತು. ಮೂರನೆಯ ವಾರ ಮೊದಲ ದಿನದ ಪದಗಳನ್ನು ಕೇಳಿದೆ. ಐವತ್ತರಲ್ಲಿ ಹನ್ನೊಂದು ಹೇಳಿದಳು. ನಾನು ದನಿ ಏರಿಸಿದೆ. ಹುಡುಗಿ ಏನೂ ಅನ್ನದೆ ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಳಗೆ ಅಳುವ ಸದ್ದು. ಮಗಳು ಬಂದು, ‘ಅಪ್ಪಾ, ನೀವು ಆಕಿಗೆ ಕಲಸಾಕ ಹತ್ತೀರೋ, ಹೆದರಸಾಕ ಹತ್ತೀರೋ?’ ಎಂದಳು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮೊಮ್ಮಗಳ ಅಳು ಒಂದು ಕಡೆ. ಅದರ ಜೊತೆಗೆ ನಲವತ್ತು ವರ್ಷದ ಹಿಂದಿನ ಒಂದು ಕೆರೆ ಕಣ್ಣ ಮುಂದೆ ಬಂತು. ಇದನ್ನು ನಾನು ಯಾವ ಸಭೆಯಲ್ಲೂ ಹೇಳಿಲ್ಲ. ಇಂದು ಹೇಳುತ್ತೇನೆ.

ನಾನು ಹಳ್ಳಿಯ ಕನ್ನಡ ಶಾಲೆಯಲ್ಲಿ ಓದಿದವನು. ಇಂಜಿನಿಯರಿಂಗ್ ಕಾಲೇಜಿಗೆ ಹೋದಾಗ ಮೊದಲ ವರ್ಷ ಕ್ಲಾಸಿನಲ್ಲಿ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ವಿಷಯ ತಿಳಿಯುತ್ತಿತ್ತು, ಬಾಯಿ ಏಳುತ್ತಿರಲಿಲ್ಲ. ಆ ಕೀಳರಿಮೆಗೆ ಔಷಧ ಎಂದು ನಿಘಂಟು ಹಿಡಿದು ದೊಡ್ಡ ದೊಡ್ಡ ಪದ ಉರು ಹೊಡೆದೆ. 1980ರ ದಶಕದ ಮೊದಲಲ್ಲಿ ನೌಕರಿಗೆ ಸೇರಿದಾಗ ನನ್ನ ತಲೆಯಲ್ಲಿ ಅಂಥ ಪದಗಳ ಒಂದು ಮೂಟೆಯೇ ಇತ್ತು.

ನನ್ನ ಪಾಲಿಗೆ ಬಂದ ಕೆರೆಗಳಲ್ಲಿ ಒಂದರ ತೂಬಿನ ಗೇಟು ತುಕ್ಕು ಹಿಡಿದು ಹಾಳಾಗಿತ್ತು. ಮೇಲೆತ್ತುವ ರಾಡು ಸವೆದು ಹೋಗಿತ್ತು. ಮಳೆಗಾಲದ ಮೊದಲು ಬದಲಿಸದಿದ್ದರೆ ಮುರಿಯುವುದು ಖಂಡಿತ. ನಾನು ಮೇಲಧಿಕಾರಿಗೆ ಇಂಗ್ಲಿಷಿನಲ್ಲಿ ಪತ್ರ ಬರೆದೆ. ‘ಮುರಿಯುವ ಅಪಾಯ ಹತ್ತಿರದಲ್ಲಿದೆ’ ಎನ್ನಲು ‘ಇಮಿನೆಂಟ್’ ಎಂಬ ಪದವಿದೆ. ನಾನು ಬರೆದದ್ದು ‘ಎಮಿನೆಂಟ್’. ಎಮಿನೆಂಟ್ ಅಂದರೆ ಹೆಸರಾಂತ, ಗಣ್ಯ.

ತಿಂಗಳ ಸಭೆಯಲ್ಲಿ ಆ ಪತ್ರವನ್ನು ಗಟ್ಟಿಯಾಗಿ ಓದಲಾಯಿತು. ‘ಈ ಗೇಟು ಬಹಳ ಗಣ್ಯ ವ್ಯಕ್ತಿ ಅಂತ, ಒಂದು ಹಾರ ತರಸ್ರೀ’ ಎಂದರು. ಸಭೆಯೆಲ್ಲ ನಕ್ಕಿತು. ನಗುವಿನಲ್ಲಿ ಗೇಟಿನ ವಿಷಯ ಮುಳುಗಿತು, ಪತ್ರ ಕಡತಕ್ಕೆ ಹೋಯಿತು. ನಾನು ನಾಚಿಕೆಯಿಂದ ಮತ್ತೆ ಬರೆಯಲಿಲ್ಲ, ಹೋಗಿ ಕೇಳಲೂ ಇಲ್ಲ. ಮಳೆಗಾಲದಲ್ಲಿ ಕೆರೆ ತುಂಬಿತು. ಒಂದು ದಿನ ತೂಬು ಎತ್ತಿದಾಗ ರಾಡು ಮುರಿಯಿತು. ಗೇಟು ಕೆಳಗಿಳಿಯಲಿಲ್ಲ. ಮರಳುಚೀಲ ಹಾಕಿ ನಿಲ್ಲಿಸುವ ಹೊತ್ತಿಗೆ ಅರ್ಧ ಕೆರೆ ಬರಿದಾಗಿತ್ತು. ಆ ವರ್ಷ ಹಿಂಗಾರಿಗೆ ನೀರು ಸಾಲಲಿಲ್ಲ. ಒಬ್ಬ ವಯಸ್ಸಾದ ರೈತರು ಬಂದು, ‘ಸಾಹೇಬರ, ನಿಮಗ ಮೊದಲ ಗೊತ್ತಿರಲಿಲ್ಲೇನ್ರೀ?’ ಎಂದು ಕೇಳಿದರು. ಗೊತ್ತಿತ್ತು ಎನ್ನುವ ಧೈರ್ಯ ನನಗೆ ಬರಲಿಲ್ಲ.

ನಕ್ಕವರ ಮೇಲೆ ತಪ್ಪು ಹೊರಿಸುವುದು ಸುಲಭ. ಆದರೆ ‘ರಾಡು ಸವೆದಿದೆ, ಮಳೆ ಬಂದರೆ ಮುರಿಯುತ್ತದೆ’ ಎಂದು ನಾಲ್ಕು ಸರಳ ಮಾತು ಬರೆಯಬಹುದಿತ್ತು. ನಾನು ದೊಡ್ಡ ಪದದ ಆಸೆಗೆ ಬಿದ್ದೆ. ತಪ್ಪಾದ ಮೇಲೆ ತಿದ್ದಿಕೊಂಡು ಮತ್ತೆ ಬರೆಯಬೇಕಿತ್ತು. ಬರೆಯಲಿಲ್ಲ. ಆ ತಪ್ಪು ನನ್ನದು.

ಬೆಳಿಗ್ಗೆ ಎದ್ದು ಗೋಡೆಯ ಮೇಲಿನ ವೇಳಾಪಟ್ಟಿ ಕಿತ್ತುಹಾಕಿದೆ. ಮೊಮ್ಮಗಳನ್ನು ಕರೆದು ಈ ಕೆರೆಯ ಕಥೆ ಹೇಳಿದೆ. ಅವಳು ಸುಮ್ಮನೆ ಕೇಳಿ, ಒಳಗೆ ಹೋಗಿ ತನ್ನ ಶಾಲೆಯ ಒಂದು ಪುಸ್ತಕ ತಂದಳು. ಅದರಲ್ಲಿ ಪದಗಳ ಮೂಲ ಕೊಟ್ಟಿದ್ದರು. ‘ಅಜ್ಜಾ, ನೋಡ್ರಿ’ ಎಂದು ತೋರಿಸಿದಳು. ಲ್ಯಾಟಿನ್ ಭಾಷೆಯಲ್ಲಿ ಮುಂಚಾಚಿಕೊಂಡಿರುವುದಕ್ಕೆ ಒಂದು ಧಾತು. ‘ಎ’ ಅಂದರೆ ಹೊರಗೆ. ಹೊರಚಾಚಿ ಎದ್ದು ಕಾಣುವವನು ಎಮಿನೆಂಟ್. ‘ಇಮ್’ ಅಂದರೆ ಮೇಲೆ. ತಲೆಯ ಮೇಲೆ ಚಾಚಿಕೊಂಡು ಇನ್ನೇನು ಬೀಳುವಂತಿರುವುದು ಇಮಿನೆಂಟ್. ‘ಪ್ರೊ’ ಅಂದರೆ ಮುಂದೆ. ಮುಂದೆ ಚಾಚಿ ಕಣ್ಣಿಗೆ ಬೀಳುವುದು ಪ್ರಾಮಿನೆಂಟ್. ಮೂರೂ ಒಂದೇ ತಾಯಿಯ ಮಕ್ಕಳು. ನಲವತ್ತು ವರ್ಷ ನನ್ನನ್ನು ಚುಚ್ಚಿದ ಪದ ಎರಡು ನಿಮಿಷದಲ್ಲಿ ತಿಳಿಯಿತು. ಇನ್ನು ಸತ್ತರೂ ಮರೆಯುವುದಿಲ್ಲ.

ಅಂದಿನಿಂದ ನಮ್ಮ ದಾರಿ ಬದಲಾಯಿತು. ವಿದ್ಯಾರ್ಥಿಗಳೇ, ಆ ದಾರಿಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಗಮನವಿಟ್ಟು ಕೇಳಿ.

ಮೊದಲನೆಯದು, ಪದದ ಬೇರು ಹಿಡಿಯುವುದು. ಇದು ನಮಗೆ ಹೊಸದಲ್ಲ. ಕನ್ನಡದಲ್ಲಿ ‘ನಡೆ’ ಎಂಬ ಒಂದು ಮಾತು ಗೊತ್ತಿದ್ದರೆ ನಡಿಗೆ, ನಡತೆ, ನಡವಳಿಕೆ ತಾನಾಗಿ ತಿಳಿಯುತ್ತವೆ. ಸಂಸ್ಕೃತದಿಂದ ಬಂದ ಆಹಾರ, ವಿಹಾರ, ಪರಿಹಾರ, ಸಂಹಾರ ಇವುಗಳಲ್ಲಿ ಹಿಂದಿನ ತುಂಡು ಒಂದೇ, ಮುಂದಿನ ಉಪಸರ್ಗ ಬದಲಾದಂತೆ ಅರ್ಥ ಬದಲಾಗುತ್ತದೆ. ಇಂಗ್ಲಿಷಿನ ಕಠಿಣ ಪದಗಳಲ್ಲಿ ಬಹುಪಾಲು ಲ್ಯಾಟಿನ್, ಗ್ರೀಕ್ ಮೂಲದವು, ಹೀಗೇ ಬಿಡಿಸಬಹುದು. ನಮಗೆಲ್ಲ ಗೊತ್ತಿರುವ ಇನ್‌ಸ್ಪೆಕ್ಷನ್ ಬಂಗಲೆ ತೆಗೆದುಕೊಳ್ಳಿ. ‘ಸ್ಪೆಕ್ಟ್’ ಅಂದರೆ ನೋಡುವುದು. ಒಳಹೊಕ್ಕು ನೋಡಿದರೆ ಇನ್‌ಸ್ಪೆಕ್ಟ್. ಹಿಂತಿರುಗಿ ನೋಡಿದರೆ ರೆಟ್ರೋಸ್ಪೆಕ್ಟ್. ಸುತ್ತಲೂ ನೋಡಿ ಹೆಜ್ಜೆ ಇಡುವವನು ಸರ್ಕಮ್‌ಸ್ಪೆಕ್ಟ್, ಅಂದರೆ ಎಚ್ಚರಿಕೆಯವನು. ಹಾಗೆಯೇ ಕಾಲುವೆಯ ನೀರನ್ನು ಹಳ್ಳದ ಮೇಲಿಂದ ದಾಟಿಸುವ ಅಕ್ವಡಕ್ಟ್. ‘ಅಕ್ವಾ’ ನೀರು, ‘ಡಕ್ಟ್’ ಒಯ್ಯುವುದು. ಗೊತ್ತಿರುವುದರಿಂದ ತೀರ್ಮಾನಕ್ಕೆ ಕರೆದೊಯ್ದರೆ ಡಿಡ್ಯೂಸ್. ಎಳೆದರೆ ತಂತಿಯಾಗಿ ಬರುವ ಲೋಹ ಡಕ್ಟೈಲ್. ಇವೆಲ್ಲ ನಾನು ಸೈಟಿನಲ್ಲಿ ದಿನವೂ ಬಳಸಿದ ಪದಗಳೇ, ಬೇರು ಮಾತ್ರ ಗೊತ್ತಿರಲಿಲ್ಲ.

ಇಲ್ಲೊಂದು ಎಚ್ಚರಿಕೆ. ಬೇರು ಕೆಲವೊಮ್ಮೆ ದಾರಿ ತಪ್ಪಿಸುತ್ತದೆ. ‘ಇನ್’ ಹಲವು ಕಡೆ ‘ಅಲ್ಲ’ ಎಂಬ ಅರ್ಥ ಕೊಡುತ್ತದೆ. ಅದನ್ನೇ ನಂಬಿ ‘ಇನ್‌ಫ್ಲೇಮಬಲ್’ ಎಂದರೆ ಬೆಂಕಿ ಹತ್ತದ್ದು ಎಂದುಕೊಂಡರೆ ಅನಾಹುತ. ಬೇಗ ಬೆಂಕಿ ಹತ್ತುವುದು ಎಂದೇ ಅದರ ಅರ್ಥ. ಅದಕ್ಕೇ ಪೆಟ್ರೋಲ್ ಟ್ಯಾಂಕರುಗಳ ಮೇಲೆ ಈಗ ‘ಫ್ಲೇಮಬಲ್’ ಎಂದು ಬರೆಯುವುದು ಹೆಚ್ಚು. ಬೇರಿನಿಂದ ಊಹೆ ಮಾಡಿ, ವಾಕ್ಯದಲ್ಲಿ ಇಟ್ಟು ಪರೀಕ್ಷಿಸಿ.

ಎರಡನೆಯದು, ಪದದ ತೂಕ ನೋಡುವುದು. ಹಣ ಹಿಡಿದು ಖರ್ಚು ಮಾಡುವವನನ್ನು ಮಿತವ್ಯಯಿ ಎನ್ನಬಹುದು, ಜಿಪುಣ ಎನ್ನಬಹುದು. ಒಂದು ಹೊಗಳಿಕೆ, ಇನ್ನೊಂದು ಬೈಗುಳ. ಇಂಗ್ಲಿಷಿನಲ್ಲಿ ಫ್ರೂಗಲ್, ಮೈಸರ್ಲಿ ಎಂಬವು ಹಾಗೆಯೇ. ಪಟ್ಟಿಯಲ್ಲಿ ಎರಡಕ್ಕೂ ‘ಕಡಿಮೆ ಖರ್ಚು ಮಾಡುವವನು’ ಎಂದು ಬರೆದುಕೊಂಡರೆ ಪರೀಕ್ಷೆಯಲ್ಲಿ ಬಿದ್ದಿರಿ. ಆ ವ್ಯಕ್ತಿಯನ್ನು ಲೇಖಕ ಮೆಚ್ಚಿದ್ದಾನೋ, ಹಳಿದಿದ್ದಾನೋ ಎಂದು ನೋಡಿಯೇ ಪದ ಆರಿಸಬೇಕು.

ಮೂರನೆಯದು, ಪರಿಚಿತ ಪದದ ಅಪರಿಚಿತ ಅರ್ಥ. ಒಂದು ದಿನ ‘ಅರೆಸ್ಟ್’ ಎಂಬ ಪದ ಬಂತು. ನಾನು, ‘ನಾವು ಕಾಲುವೆಯ ಸೋರಿಕೆಯನ್ನು ಅರೆಸ್ಟ್ ಮಾಡ್ತಿದ್ವಿ’ ಎಂದೆ. ‘ಅಜ್ಜಾ, ನೀರಿಗೆ ಬೇಡಿ ಹಾಕ್ತಿದ್ರೇನು?’ ಎಂದು ಬಿದ್ದು ಬಿದ್ದು ನಕ್ಕಳು. ತಡೆದು ನಿಲ್ಲಿಸುವುದು ಎಂಬುದೇ ಅದರ ಹಳೆಯ ಅರ್ಥ, ಪೊಲೀಸರ ಅರ್ಥ ಅದರಿಂದ ಬಂದದ್ದು. ‘ಚಾಂಪಿಯನ್’ ಎಂದರೆ ಗೆದ್ದವನು ಮಾತ್ರವಲ್ಲ, ಒಂದು ವಿಚಾರದ ಪರವಾಗಿ ಹೋರಾಡುವುದೂ ಹೌದು. ಪರೀಕ್ಷೆಯವರಿಗೆ ಇಂಥ ಪದಗಳೆಂದರೆ ಬಲು ಪ್ರೀತಿ. ಅಂದು ಅವಳು ನಕ್ಕ ಮೇಲೆ ನಮ್ಮಿಬ್ಬರ ನಡುವಿನ ಬಿಗುಮಾನವೂ ಹೋಯಿತು.

ನಾಲ್ಕನೆಯದು, ಕ್ಯೂರಿಂಗ್. ಇದು ನನ್ನ ಮಾತು, ಪುಸ್ತಕದ್ದಲ್ಲ. ಕಾಂಕ್ರೀಟ್ ಹಾಕಿದ ದಿನವೇ ಹತ್ತು ಟ್ಯಾಂಕರ್ ನೀರು ಸುರಿದು ಮನೆಗೆ ಹೋದರೆ ಅದು ಗಟ್ಟಿಯಾಗುವುದಿಲ್ಲ. ಗೋಣಿಚೀಲ ಹೊದಿಸಿ ದಿನದಿನವೂ ನೀರು ಹಾಕಬೇಕು. ಬಲ ಪರೀಕ್ಷಿಸುವುದು 28ನೆಯ ದಿನ. ನೆನಪೂ ಹಾಗೆಯೇ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಉಚ್ಚಾರಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತೇನೆಂದು ಲೆಕ್ಕ ಇಟ್ಟು, 1885ರಲ್ಲಿ ಪ್ರಕಟಿಸಿದ. ಕಲಿತದ್ದು ಮೊದಲ ಗಂಟೆಗಳಲ್ಲೇ ವೇಗವಾಗಿ ಜಾರುತ್ತದೆ, ಅಂತರ ಬಿಟ್ಟು ಮತ್ತೆ ಓದಿದರೆ ನಿಲ್ಲುತ್ತದೆ ಎಂದು ತೋರಿಸಿದ. ನಾನು ಮೊಮ್ಮಗಳಿಗೆ ಮಾಡಿಸಿದ್ದು ಇದಕ್ಕೆ ಪೂರ್ತಿ ಉಲ್ಟಾ. ಆಮೇಲೆ ನಾವು ಒಂದು ಬೂಟಿನ ಡಬ್ಬಿಯಲ್ಲಿ ಮೂರು ಮನೆ ಮಾಡಿದೆವು. ಹೊಸ ಚೀಟಿ ಮೊದಲ ಮನೆಗೆ, ಅದನ್ನು ದಿನವೂ ನೋಡುವುದು. ಸರಿ ಹೇಳಿದರೆ ಎರಡನೆಯ ಮನೆಗೆ, ಮೂರು ದಿನಕ್ಕೊಮ್ಮೆ. ಮತ್ತೆ ಸರಿಯಾದರೆ ಮೂರನೆಯ ಮನೆಗೆ, ವಾರಕ್ಕೊಮ್ಮೆ. ತಪ್ಪಿದರೆ ಹಿಂದಕ್ಕೆ. ದಿನಕ್ಕೆ ಹೊಸ ಪದ ಎಂಟು ಮಾತ್ರ.

ಐದನೆಯದು, ಚೀಟಿಯ ಹಿಂದೆ ಏನು ಬರೆಯಬೇಕು? ನಿಘಂಟಿನ ಅರ್ಥವಲ್ಲ. ತಾನು ಓದಿದ ಒಂದು ವಾಕ್ಯ, ತಾನೇ ಕಟ್ಟಿದ ಒಂದು ವಾಕ್ಯ, ಅದರ ಕೆಳಗೆ ಕನ್ನಡದಲ್ಲಿ ಅದಕ್ಕೇನನ್ನುತ್ತಾರೆ ಎಂಬುದು. ಕನ್ನಡ ಬೇಕೆಂದವಳು ಅವಳೇ. ಕನ್ನಡದಲ್ಲಿ ಹೇಳಲು ಬಂದರೆ ಮಾತ್ರ ತನಗೆ ತಿಳಿದಿದೆ ಎಂದು ಅವಳ ಲೆಕ್ಕ. ಊರ ಗ್ರಂಥಾಲಯದಿಂದ ವಾರಕ್ಕೆರಡು ಪುಸ್ತಕ ತರುತ್ತಿದ್ದಳು. ಅಲ್ಲಿ ಸಿಕ್ಕ ಪದವೇ ಚೀಟಿಗೆ ಹೋಗುತ್ತಿತ್ತು.

ಇನ್ನು ನಮ್ಮಂಥ ಸುಧಾರಣೆಯ ಮಾತಾಡುವವರು ಯೋಚಿಸಬೇಕಾದ ಒಂದು ಸಂಗತಿ. ಈ ಪರೀಕ್ಷೆಯಲ್ಲಿ ಹಿಂದೆ ಒಂದು ಪ್ರಶ್ನೆ ಬಂದಿತ್ತು. ಓಟಗಾರನಿಗೆ ಮ್ಯಾರಥಾನ್ ಹೇಗೋ, ಹಾಗೆ ಯಾರಿಗೆ ಯಾವುದು? ಸರಿಯುತ್ತರ: ಹುಟ್ಟುಗಾರನಿಗೆ ರೆಗಟ್ಟಾ. ರೆಗಟ್ಟಾ ಅಂದರೆ ದೋಣಿ ಸ್ಪರ್ಧೆ. ಸಿರಿವಂತರ ಶಾಲೆಗಳಲ್ಲಿ ಆಡುವ ಆಟ. ಬಡವರ ಕೇರಿಯ ಮಗು ಆ ಪದವನ್ನು ಎಲ್ಲಿ ಕೇಳಬೇಕು? ಇದು ಬುದ್ಧಿಯನ್ನು ಅಳೆಯಿತೋ, ಹುಟ್ಟಿದ ಮನೆಯನ್ನು ಅಳೆಯಿತೋ ಎಂದು ದೊಡ್ಡ ವಾದವೇ ನಡೆಯಿತು. 2001ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮುಖ್ಯಸ್ಥರಾಗಿದ್ದ ರಿಚರ್ಡ್ ಅಟ್ಕಿನ್‌ಸನ್ ಒಂದು ಭಾಷಣ ಮಾಡಿದರು. ಹನ್ನೆರಡು ವರ್ಷದ ಮಕ್ಕಳು ಇಂಥ ಪದಜೋಡಿಗಳನ್ನು ಉರು ಹೊಡೆಯುವುದನ್ನು ಶಾಲೆಯೊಂದರಲ್ಲಿ ಕಂಡು ಬೇಸರಪಟ್ಟ ಅವರು, ತಮ್ಮ ವಿಶ್ವವಿದ್ಯಾಲಯ ಈ ಪರೀಕ್ಷೆಯನ್ನು ಕೇಳುವುದನ್ನು ಬಿಡಬೇಕೆಂದರು.

ಪರೀಕ್ಷೆ ಬದಲಾಗಲೇಬೇಕಾಯಿತು. ವಿರುದ್ಧಪದದ ಪ್ರಶ್ನೆಗಳು 1994ರಲ್ಲೇ ಹೋಗಿದ್ದವು. ಪದಜೋಡಿ 2005ರಲ್ಲಿ ಹೋಯಿತು. ಬಿಟ್ಟ ಸ್ಥಳ ತುಂಬುವ ಹಳೆಯ ಮಾದರಿ 2016ರಲ್ಲಿ ಹೋಯಿತು. ಈಗ ಹೆಚ್ಚೆಂದರೆ 150 ಪದಗಳ ಒಂದು ತುಣುಕು ಕೊಟ್ಟು, ಆ ಸಂದರ್ಭದಲ್ಲಿ ಯಾವ ಪದ ಹೊಂದುತ್ತದೆ ಎಂದು ಕೇಳುತ್ತಾರೆ. ಎಲ್ಲ ಅನ್ಯಾಯ ಹೋಯಿತೆಂದಲ್ಲ. ದುಬಾರಿ ಟ್ಯೂಷನ್ ಅಲ್ಲೂ ಇದೆ. ಆದರೆ ಖಾನ್ ಅಕಾಡೆಮಿ ಎಂಬ ಸಂಸ್ಥೆ 2015ರಿಂದ ಕಾಲೇಜ್ ಬೋರ್ಡಿನ ಜೊತೆಗೂಡಿ ಇದೇ ಪರೀಕ್ಷೆಯ ತಯಾರಿಯನ್ನು ಉಚಿತವಾಗಿ ಕೊಡುತ್ತಿದೆ. ಪದಗಳು ಕೆಲವರ ಸೊತ್ತಾದಾಗ ಉಳಿದವರು ಬಾಗಿಲ ಹೊರಗೆ ನಿಲ್ಲುತ್ತಾರೆ ಎಂಬುದನ್ನು ಹನ್ನೆರಡನೆಯ ಶತಮಾನದಲ್ಲೇ ಕಂಡು, ದುಡಿಯುವ ಜನರ ಕನ್ನಡದಲ್ಲಿ ಮಾತಾಡಿದ ಶರಣರ ವಾರಸುದಾರರು ನಾವು. ಈ ಮಾತು ನಮಗೆ ಬೇಗ ಅರ್ಥವಾಗಬೇಕು.

ಪ್ರಸಾದನಿಲಯದ ಮಕ್ಕಳೇ, ನೀವು ಎಸ್‌ಎಟಿ ಬರೆಯಲಿಕ್ಕಿಲ್ಲ. ನಮ್ಮ ಸಿಇಟಿಯಲ್ಲಿ ಇಂಗ್ಲಿಷ್ ಪತ್ರಿಕೆ ಇಲ್ಲ. ಆದರೆ ಕಾನೂನು ಓದಬೇಕೆಂದರೆ ಕ್ಲಾಟ್ ಇದೆ. ಅದು 2020ರಿಂದ ಪೂರ್ತಿ ಓದಿ ಅರ್ಥಮಾಡಿಕೊಂಡು ಉತ್ತರಿಸುವ ಪರೀಕ್ಷೆ. ಮುಂದೆ ಎಂಎಸ್ ಮಾಡಲು ಹೋಗುವವರಿಗೆ ಜಿಆರ್‌ಇ ಇದೆ. ಅಲ್ಲೂ ವಿರುದ್ಧಪದ, ಪದಜೋಡಿ 2011ರಲ್ಲೇ ಹೋದವು. ಆದರೂ ಹಳೆಯ ಪದಪಟ್ಟಿ ಹಿಡಿದು ಉರು ಹೊಡೆಯುವ ಮಕ್ಕಳನ್ನು ನಾನು ಇಂದಿಗೂ ನೋಡುತ್ತೇನೆ. ಅವರನ್ನು ಕಂಡಾಗ ನನ್ನ ತಲೆಯ ಮೂಟೆ ನೆನಪಾಗುತ್ತದೆ.

ಮೊಮ್ಮಗಳಿಗೆ ಎಷ್ಟು ಅಂಕ ಬಂತು ಎಂದು ನೀವು ಕೇಳುತ್ತೀರಿ. ಅದು ಅವಳದು, ಸಭೆಯಲ್ಲಿ ಹೇಳುವುದಿಲ್ಲ. ನಾನು ಹೊರಡುವ ಹಿಂದಿನ ರಾತ್ರಿ ಅವಳು ಡಬ್ಬಿಯಿಂದ ಒಂದು ಚೀಟಿ ತೆಗೆದು ಕೊಟ್ಟಳು. ಮುಂದೆ ‘ಇಮಿನೆಂಟ್’. ಹಿಂದೆ ತನ್ನ ವಕ್ರ ಕನ್ನಡ ಅಕ್ಷರದಲ್ಲಿ, ‘ತೂಬು ಮುರಿಯುತ್ತದೆ, ಬೇಗ ಬನ್ನಿ’ ಎಂದು ಬರೆದಿದ್ದಳು. ನಲವತ್ತು ವರ್ಷದ ಹಿಂದೆ ನಾನು ಬರೆಯಬೇಕಾಗಿದ್ದ ಪತ್ರ ಅದೇ.

ಪೂಜ್ಯರಲ್ಲಿ, ತಮ್ಮೆಲ್ಲರಲ್ಲಿ ಒಂದು ಬಿನ್ನಹ. ಪ್ರಸಾದನಿಲಯದ ಓದುವ ಕೋಣೆಯಲ್ಲಿ ಇಂಥ ಒಂದು ಡಬ್ಬಿ ಇಡೋಣ. ಖರ್ಚು ಏನೂ ಇಲ್ಲ, ಕಾಗದದ ಚೀಟಿ ಸಾಕು. ದಿನಕ್ಕೆ ಎಂಟು ಪದ, ಇಂಗ್ಲಿಷಿನಲ್ಲಿ ಒಂದು ವಾಕ್ಯ, ಕನ್ನಡದಲ್ಲಿ ಅದರ ಅರ್ಥ. ಗುರುವಾರ ಸಂಜೆ ಒಂದು ಗಂಟೆ ಮಕ್ಕಳ ಜೊತೆ ಕೂರಲು ನಾನು ಸಿದ್ಧ. ತಪ್ಪು ಹೇಳಿದ ಮಗುವನ್ನು ಯಾರೂ ನಗಬಾರದು, ಇದೊಂದೇ ನನ್ನ ಷರತ್ತು.